ಲ್ಯಾಪ್‌ಟಾಪಿನ ಒಳಗಿರುವ ರೇಡಿಯೊ: ವೈಫೈ ಕಾರ್ಡ್ ಬದಲಿಸುವುದರ ಹಿಂದು ಮುಂದು

ಮನೆಗೆ ಫೈಬರ್ ಸಂಪರ್ಕ ಬಂದಿದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಯೋಜನೆಗೆ ತಿಂಗಳು ತಿಂಗಳು ಹಣ ಹೋಗುತ್ತಿದೆ. ಹೊಸ ಮೊಬೈಲಿನಲ್ಲಿ ಅಳೆದರೆ ಅಷ್ಟೂ ವೇಗ ಸಿಗುತ್ತದೆ. ಅದೇ ಮೇಜಿನ ಮೇಲಿರುವ ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲಿ ಮೂವತ್ತು, ನಲವತ್ತು ದಾಟುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ರೂಟರ್ ಎರಡು ಹೆಸರಿನ ವೈಫೈ ಹೊರಡಿಸುತ್ತಿರುತ್ತದೆ. ಒಂದರ ಕೊನೆಗೆ '5ಜಿ' ಎಂದಿರುತ್ತದೆ. ಮೊಬೈಲಿಗೆ ಎರಡೂ ಕಾಣುತ್ತವೆ, ಲ್ಯಾಪ್‌ಟಾಪಿಗೆ ಒಂದೇ. ಆಗ ಬೈಗುಳ ಇಂಟರ್‌ನೆಟ್ ಕೊಟ್ಟವರಿಗೆ ಸಿಗುತ್ತದೆ, ಇಲ್ಲವೇ 'ಲ್ಯಾಪ್‌ಟಾಪ್ ಮುದಿಯಾಯಿತು' ಎಂಬ ತೀರ್ಮಾನ ಬರುತ್ತದೆ. ಬಹಳಷ್ಟು ಸಲ ಕಾರಣ ಇವೆರಡೂ ಆಗಿರುವುದಿಲ್ಲ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ, ಹೆಬ್ಬೆರಳಿನ ತುದಿಯಷ್ಟು ದೊಡ್ಡದಾದ ಒಂದು ಕಾರ್ಡ್ ಕುಳಿತಿರುತ್ತದೆ. ಹಳೆಯದಾಗಿರುವುದು ಅದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ ಸಾಮಾನ್ಯವಾಗಿ ಮುಗಿಯಿತು. ವಿಂಡೋಸ್ 11 ಕೇಳುವ ಅರ್ಹತೆ ಇಲ್ಲದ, ಆದರೆ ಇನ್ನೂ ಚೆನ್ನಾಗಿ ಕೆಲಸ ಮಾಡುವ ಯಂತ್ರಗಳು ಈಗ ಲಿನಕ್ಸ್ ಹಾಕಿಸಿಕೊಂಡು ಮಕ್ಕಳ ಓದಿಗೆ, ಶಾಲೆಗಳಿಗೆ, ಗ್ರಂಥಾಲಯಗಳಿಗೆ ಸಾಗುತ್ತಿವೆ. ಹೀಗಾಗಿ ಈ ಪುಟ್ಟ ಕಾರ್ಡಿನ ಬಗ್ಗೆ ತಿಳಿದುಕೊಳ್ಳಲು ಇದು ಸರಿಯಾದ ಹೊತ್ತು.

ಮೊದಲಿಗೆ ಒಂದು ಮಾತು ಮನಸ್ಸಿನಲ್ಲಿರಲಿ. ವೈಫೈ ಕಾರ್ಡ್ ಎಂದರೆ ಒಂದು ರೇಡಿಯೊ. ಅಡುಗೆಮನೆಯ ರೇಡಿಯೊ ಆಕಾಶವಾಣಿಯನ್ನು ಕೇಳುತ್ತದೆ, ಮಾತಾಡುವುದಿಲ್ಲ. ಈ ಕಾರ್ಡ್ ಕೇಳುತ್ತದೆ, ಮಾತೂ ಆಡುತ್ತದೆ. ಮಾತಾಡುವ ರೇಡಿಯೊ ಆದ್ದರಿಂದಲೇ ಅದರ ಸುತ್ತ ಕಾನೂನು ಇದೆ, ಆ್ಯಂಟೆನಾ ಇದೆ, ದೇಶದಿಂದ ದೇಶಕ್ಕೆ ಬದಲಾಗುವ ನಿಯಮ ಇದೆ. ಮುದ್ರಣಯಂತ್ರವನ್ನೋ ಮೌಸನ್ನೋ ಜೋಡಿಸುವಾಗ ಎದುರಾಗದ ತೊಡಕುಗಳು ಇಲ್ಲಿ ಎದುರಾಗುವುದು ಇದೇ ಕಾರಣಕ್ಕೆ.

ಇದರ ಕಥೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಶುರುವಾಗುತ್ತದೆ. 1985ರಲ್ಲಿ ಅಮೆರಿಕದ ಫೆಡರಲ್ ಕಮ್ಯೂನಿಕೇಷನ್ಸ್ ಕಮಿಷನ್, ಕೆಲವು ಆವರ್ತನ ಪಟ್ಟಿಗಳನ್ನು ಪರವಾನಗಿ ಇಲ್ಲದೆ ಸಂಪರ್ಕಕ್ಕೆ ಬಳಸಲು ಬಿಟ್ಟುಕೊಟ್ಟಿತು. ಆವರ್ತನ ಎಂದರೆ ರೇಡಿಯೊ ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಲೆಕ್ಕ. ಕ್ಯಾಷ್ ರಿಜಿಸ್ಟರ್ ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿಗೆ ಇದರಲ್ಲಿ ಒಂದು ಅನುಕೂಲ ಕಂಡಿತು. ದೊಡ್ಡ ಮಳಿಗೆಗಳಲ್ಲಿ ಕಪಾಟುಗಳ ಜಾಗ ಬದಲಾದಾಗಲೆಲ್ಲ ಗಲ್ಲಾದ ತಂತಿಗಳನ್ನು ಕಿತ್ತು ಮತ್ತೆ ಎಳೆಯಬೇಕಿತ್ತು. ತಂತಿಯೇ ಬೇಡವಾದರೆ ಆ ಖರ್ಚು ಉಳಿಯುತ್ತದೆ. ಅವರ ನೆದರ್‌ಲೆಂಡ್ಸ್ ಕಚೇರಿಯ ಎಂಜಿನಿಯರುಗಳು ವೇವ್‌ಲ್ಯಾನ್ ಎಂಬ ಉಪಕರಣ ರೂಪಿಸಿದರು. ಬೇರೆ ಬೇರೆ ಕಂಪನಿಗಳ ಉಪಕರಣಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತಿರಬೇಕು ಎಂದು 1990ರಲ್ಲಿ 802.11 ಸಮಿತಿ ಕೆಲಸ ಆರಂಭಿಸಿತು. ಎನ್‌ಸಿಆರ್‌ನವರೇ ಆದ ವಿಕ್ ಹೇಸ್ ಹತ್ತು ವರ್ಷ ಅದರ ಅಧ್ಯಕ್ಷರಾಗಿದ್ದರು. ಮೊದಲ ಮಾನಕ 1997ರಲ್ಲಿ ಹೊರಬಂತು; ಅದರ ವೇಗ ಸೆಕೆಂಡಿಗೆ ಒಂದು, ಹೆಚ್ಚೆಂದರೆ ಎರಡು ಮೆಗಾಬಿಟ್. 1999ರಲ್ಲಿ ಅದು ಹನ್ನೊಂದಕ್ಕೆ ಏರಿತು.

ಆ ದಿನಗಳ ಕಾರ್ಡುಗಳು ಲ್ಯಾಪ್‌ಟಾಪಿನ ಪಕ್ಕದ ಸೀಳಿನಲ್ಲಿ ತೂರಿಸುವಂಥವು. ಪಿಸಿ ಕಾರ್ಡ್ ಎಂದು ಹೆಸರು. ಉದ್ದ 85.6 ಮಿಲಿಮೀಟರ್, ಅಗಲ 54. ಹೆಚ್ಚುಕಡಿಮೆ ಇಂದಿನ ಎಟಿಎಂ ಕಾರ್ಡಿನ ಅಳತೆ, ದಪ್ಪ ಮಾತ್ರ ಐದು ಮಿಲಿಮೀಟರ್. ತೂರಿಸಿದ ಮೇಲೂ ಅದರ ತುದಿ ಒಂದಿಷ್ಟು ಹೊರಗೆ ಚಾಚಿಕೊಂಡಿರುತ್ತಿತ್ತು. ಆ್ಯಂಟೆನಾ ಇದ್ದದ್ದು ಆ ತುದಿಯಲ್ಲೇ. 1999ರ ಜುಲೈನಲ್ಲಿ ಆ್ಯಪಲ್ ತನ್ನ ಐಬುಕ್ ಬಿಡುಗಡೆ ಮಾಡಿದಾಗ ಈ ಏರ್ಪಾಡು ಬದಲಾಯಿತು. ಕಾರ್ಡನ್ನು ಕೀಬೋರ್ಡಿನ ಕೆಳಗೆ ಸೇರಿಸುವ ಜಾಗವಿತ್ತು, ಆ್ಯಂಟೆನಾ ಲ್ಯಾಪ್‌ಟಾಪಿನ ಮೈಯಲ್ಲೇ ಹುದುಗಿತ್ತು. 2003ರಲ್ಲಿ ಇಂಟೆಲ್‌ನ ಸೆಂಟ್ರಿನೊ ಬಂದ ಮೇಲೆ ಒಳಗೇ ವೈಫೈ ಇರುವುದು ವಾಡಿಕೆಯಾಯಿತು. ಅಂದಿನಿಂದ ಕಾರ್ಡ್ ಬೇರೆ, ಆ್ಯಂಟೆನಾ ಬೇರೆ. ಬಿಚ್ಚುವ ಹೊತ್ತಿಗೆ ಈ ಸಂಗತಿ ಮುಖ್ಯವಾಗುತ್ತದೆ.

ಈಗ ವೇಗದ ಪ್ರಶ್ನೆಗೆ ಬರೋಣ. ಮನೆಯ ವೈಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ರೂಟರಿನ ಹೆಸರಿನ ಕೊನೆಗೆ ಕಾಣುವ '5ಜಿ' ಈ ಎರಡನೆಯದು. ಮೊಬೈಲ್ ಕಂಪನಿಗಳ 5ಜಿಗೂ ಅದಕ್ಕೂ ಸಂಬಂಧವಿಲ್ಲ. 2.4 ಪಟ್ಟಿಯ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಅದು ಗೋಡೆಗಳನ್ನು ಹೆಚ್ಚು ಸಲೀಸಾಗಿ ದಾಟುತ್ತದೆ, ದೂರ ತಲುಪುತ್ತದೆ. ಆದರೆ ಜಾಗ ಇಕ್ಕಟ್ಟು. ಭಾರತದಲ್ಲಿ ಅಲ್ಲಿ 13 ಚಾನೆಲ್‌ಗಳಿವೆ ಎಂದು ಹೇಳಿದರೂ, ಅವುಗಳ ನಡುಬಿಂದುಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಒಂದೊಂದು ಸಂಭಾಷಣೆಗೆ ಬೇಕಾಗುವ ಅಗಲ ಮಾತ್ರ ಸುಮಾರು 20 ಮೆಗಾಹರ್ಟ್ಸ್. ಹೀಗಾಗಿ ಪಕ್ಕಪಕ್ಕದ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಪರಸ್ಪರ ತಗುಲದಂತೆ ಆರಿಸಲು ಹೊರಟರೆ 1, 6, 11 ಎಂಬ ಮೂರೇ ಉಳಿಯುತ್ತವೆ. ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಗಳ ರೂಟರ್‌ಗಳು, ಬ್ಲೂಟೂತ್ ಹೆಡ್‌ಫೋನ್‌ಗಳು, ಮೈಕ್ರೋವೇವ್ ಒಲೆ ಎಲ್ಲವೂ ಇದೇ ಪಟ್ಟಿಯಲ್ಲಿ. 5 ಗಿಗಾಹರ್ಟ್ಸ್ ಪಟ್ಟಿ ಹೆಚ್ಚು ವಿಶಾಲ. ಗೋಡೆಗಳಿಗೆ ಬೇಗ ಸೋಲುತ್ತದೆ, ಒಂದು ಕೋಣೆಯೊಳಗೆ ಮಾತ್ರ ಬಹಳ ವೇಗ ಕೊಡುತ್ತದೆ.

ಹತ್ತು ವರ್ಷದ ಹಿಂದೆ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಹಾಕುತ್ತಿದ್ದ ಅನೇಕ ಕಾರ್ಡುಗಳಿಗೆ 2.4 ಮಾತ್ರ ತಿಳಿಯುತ್ತಿತ್ತು, ಅದೂ ಒಂದೇ ಆ್ಯಂಟೆನಾದಿಂದ. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಅಂಥ ಕಾರ್ಡಿನ ಪರಮಾವಧಿ ವೇಗ 72 ಮೆಗಾಬಿಟ್. ಇದು ಗಾಳಿಯಲ್ಲಿ ಹರಿಯುವ ವೇಗ. ಶಿಷ್ಟಾಚಾರದ ಸಂದೇಶಗಳು, ಕಾಯುವಿಕೆ, ಕೆಟ್ಟುಹೋದ ಕಂತುಗಳನ್ನು ಮತ್ತೆ ಕಳುಹಿಸುವುದು ಇವನ್ನೆಲ್ಲ ಕಳೆದರೆ ಕೈಗೆ ಬರುವುದು ಅರ್ಧದ ಆಸುಪಾಸು. ಮೇಲೆ ಹೇಳಿದ ಮೂವತ್ತು, ನಲವತ್ತು ಎಲ್ಲಿಂದ ಬಂತು ಎಂಬುದಕ್ಕೆ ಇಲ್ಲಿ ಉತ್ತರವಿದೆ. 5 ಗಿಗಾಹರ್ಟ್ಸ್ ಬಲ್ಲ, ಎರಡು ಆ್ಯಂಟೆನಾಗಳ 802.11ಎಸಿ ಕಾರ್ಡ್ 80 ಮೆಗಾಹರ್ಟ್ಸ್ ಅಗಲ ಸಿಕ್ಕರೆ 866 ಮೆಗಾಬಿಟ್‌ವರೆಗೆ ಮಾತಾಡುತ್ತದೆ. ಎರಡು ಆ್ಯಂಟೆನಾಗಳಿಂದ ಏಕಕಾಲಕ್ಕೆ ಎರಡು ಬೇರೆ ಬೇರೆ ಮಾಹಿತಿಯ ಹರಿವು ಸಾಧ್ಯವಾಗುತ್ತದೆ. ಗೋಡೆ, ಕಪಾಟುಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬರುವ ಅಲೆಗಳ ವ್ಯತ್ಯಾಸವನ್ನೇ ಲೆಕ್ಕ ಹಾಕಿ ಕಾರ್ಡ್ ಆ ಎರಡನ್ನು ಬಿಡಿಸಿಕೊಳ್ಳುತ್ತದೆ.

ನಿಧಾನದ ಕಾರ್ಡಿನಿಂದ ನಷ್ಟ ಆ ಲ್ಯಾಪ್‌ಟಾಪಿಗಷ್ಟೇ ಅಲ್ಲ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಒಂದು ಚಾನೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಪ್ರತಿ ಕಾರ್ಡ್ ಮಾತಾಡುವ ಮೊದಲು ಕಿವಿಗೊಟ್ಟು ಕೇಳುತ್ತದೆ. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಕಾಯುತ್ತದೆ, ಮೌನವಾದ ಮೇಲೆ ಇನ್ನೂ ಒಂದು ಚಿಕ್ಕ, ಲೆಕ್ಕಕ್ಕೆ ಸಿಗದ ಅವಧಿ ತಡೆದು ಶುರುಮಾಡುತ್ತದೆ. ಒಂದೇ ರಾಟೆಯಿರುವ ಊರ ಬಾವಿಯ ಹಾಗೆ ಇದು: ಸರದಿ ಎಲ್ಲರಿಗೂ ಸಿಗುತ್ತದೆ, ಆದರೆ ಒಬ್ಬರು ನಿಧಾನವಾಗಿ ಸೇದಿದರೆ ಕಾಯುವವರು ಎಲ್ಲರೂ. 1500 ಬೈಟಿನ ಒಂದು ಕಂತನ್ನು 866 ಮೆಗಾಬಿಟ್ ವೇಗದಲ್ಲಿ ಕಳುಹಿಸಲು ಸುಮಾರು 14 ಮೈಕ್ರೋಸೆಕೆಂಡ್ ಸಾಕು. 72 ಮೆಗಾಬಿಟ್‌ನಲ್ಲಿ ಅದಕ್ಕೆ 166 ಮೈಕ್ರೋಸೆಕೆಂಡ್ ಬೇಕು, ಹನ್ನೆರಡು ಪಟ್ಟು. ಲ್ಯಾಪ್‌ಟಾಪ್ ಮೂಲೆಯ ಕೋಣೆಗೆ ಹೋಗಿ ವೇಗ ಇನ್ನೂ ಇಳಿದರೆ ಕಾಲಾವಧಿ ಮತ್ತಷ್ಟು ಹಿಗ್ಗುತ್ತದೆ. ಹಾಗಾಗಿ ಮನೆಯ ಒಂದು ಹಳೆಯ ಕಾರ್ಡ್ ಬದಲಾದರೆ ಅದೇ ಚಾನೆಲ್ ಬಳಸುವ ಉಳಿದ ಉಪಕರಣಗಳಿಗೂ ಉಸಿರಾಡಲು ಜಾಗ ಸಿಗುತ್ತದೆ.

ಯಾವ ಕಾರ್ಡ್ ತರಬೇಕು? ಜನ ಎಡವುವುದು ಹೆಚ್ಚಾಗಿ ಈ ಪ್ರಶ್ನೆಯಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಆಕಾರ. ಸುಮಾರು 2014ಕ್ಕಿಂತ ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 'ಮಿನಿ ಪಿಸಿಐ ಎಕ್ಸ್‌ಪ್ರೆಸ್' ಎಂಬ, 30 ಮಿಲಿಮೀಟರ್ ಅಗಲದ ಕಾರ್ಡ್ ಇರುತ್ತದೆ. ಅದರ ನಂತರದವುಗಳಲ್ಲಿ 'ಎಂ.2' ಎಂಬ ಚಿಕ್ಕ ಕಾರ್ಡ್. ವೈಫೈಗೆ ಬಳಸುವ ಎಂ.2 ಕಾರ್ಡಿನ ಅಳತೆಯನ್ನು 2230 ಎಂದು ಬರೆಯುತ್ತಾರೆ. ಅಗಲ 22, ಉದ್ದ 30 ಮಿಲಿಮೀಟರ್ ಎಂದು ಓದಿಕೊಳ್ಳಬೇಕು. ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎಸ್‌ಎಸ್‌ಡಿ, ಅಂದರೆ ದತ್ತಾಂಶ ಸಂಗ್ರಹದ ಚಿಪ್ಪು, ಕೂಡ ಎಂ.2 ಆಕಾರದಲ್ಲೇ ಬರುವುದರಿಂದ ಗೊಂದಲವಾಗದಿರಲೆಂದು ಹಲ್ಲುಗಳ ನಡುವಿನ ಕಚ್ಚನ್ನು ಬೇರೆ ಬೇರೆ ಕಡೆ ಕೊರೆದಿರುತ್ತಾರೆ. ಈ ಕಚ್ಚಿಗೆ 'ಕೀ' ಎಂದು ಹೆಸರು. ವೈಫೈ ಕಾರ್ಡಿನದು ಎ ಅಥವಾ ಇ ಕೀ. ಎಸ್‌ಎಸ್‌ಡಿಯದು ಬಿ ಅಥವಾ ಎಂ.

ಎರಡನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ಇಂಟೆಲ್ ಕಂಪನಿ ಕಳೆದ ಕೆಲವು ವರ್ಷಗಳಿಂದ ವೈಫೈ ಕೆಲಸವನ್ನು ಇಬ್ಭಾಗ ಮಾಡಿದೆ. ಲೆಕ್ಕಾಚಾರದ ಭಾಗವನ್ನು ಕಂಪ್ಯೂಟರಿನ ಮುಖ್ಯ ಚಿಪ್‌ಸೆಟ್ಟಿನೊಳಗೆ ಇರಿಸಿ, ರೇಡಿಯೊ ಭಾಗವನ್ನು ಮಾತ್ರ ಕಾರ್ಡಿನಲ್ಲಿ ಬಿಡುತ್ತದೆ. ಇದಕ್ಕೆ 'ಸಿಎನ್‌ವಿಐ' ಎನ್ನುತ್ತಾರೆ. ಎಎಕ್ಸ್201, ಎಎಕ್ಸ್211 ಈ ಬಗೆಯವು. ಹೊಂದುವ ಇಂಟೆಲ್ ಚಿಪ್‌ಸೆಟ್ ಇರುವ ಯಂತ್ರದಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ. ಎಎಕ್ಸ್200, ಎಎಕ್ಸ್210 ಪೂರ್ಣ ಕಾರ್ಡುಗಳು. ಎಎಂಡಿ ಯಂತ್ರಗಳಲ್ಲೂ, ಹಳೆಯ ಇಂಟೆಲ್ ಯಂತ್ರಗಳಲ್ಲೂ ನಡೆಯಬಲ್ಲವು. ಹೆಸರಿನಲ್ಲಿ ಕೊನೆಯ ಒಂದಂಕಿ ಮಾತ್ರ ಬೇರೆ. ಹೊಂದದ ಯಂತ್ರಕ್ಕೆ ಸಿಎನ್‌ವಿಐ ಕಾರ್ಡ್ ತಂದರೂ ಅದು ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಸ್ಕ್ರೂ ಬಿಗಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅಂಥದ್ದೊಂದು ಇದೆ ಎಂದೇ ತಿಳಿಯುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನಿನಲ್ಲೋ ಕೊಳ್ಳುವ ಮೊದಲು ಈ ಒಂದಂಕಿಯನ್ನು ಎರಡು ಸಲ ನೋಡುವುದು ಒಳ್ಳೆಯದು.

ಮೂರನೆಯದು ತಯಾರಕರು ಹಾಕಿರುವ ಬೀಗ. ಕಂಪ್ಯೂಟರ್ ಚಾಲೂ ಆದ ಕೂಡಲೇ, ವಿಂಡೋಸ್ ಏಳುವುದಕ್ಕೂ ಮೊದಲು, ಬಯಾಸ್ ಎಂಬ ಮೂಲ ತಂತ್ರಾಂಶ ಓಡುತ್ತದೆ. ಕೆಲವು ತಯಾರಕರು ತಮ್ಮ ಕೆಲವು ಮಾದರಿಗಳ ಬಯಾಸ್‌ನಲ್ಲಿ 'ಒಪ್ಪಿತ ಕಾರ್ಡುಗಳ' ಪಟ್ಟಿಯೊಂದನ್ನು ಇಟ್ಟಿದ್ದರು. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಯಂತ್ರ ಮುಂದೆ ಹೋಗುವುದೇ ಇಲ್ಲ. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಕಾಣುತ್ತಿದ್ದ '1802' ಎಂಬ ದೋಷಸಂಖ್ಯೆ ಇದೇ. ಇದಕ್ಕೆ ಕೊಡುವ ಕಾರಣದ ಬಗ್ಗೆ ಕೊನೆಯಲ್ಲಿ ಮಾತಾಡೋಣ. ಸದ್ಯಕ್ಕೆ ಇಷ್ಟು ಸಾಕು: ನಿಮ್ಮ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹಿಡಿದು ಅದರ ದುರಸ್ತಿ ಕೈಪಿಡಿಯನ್ನು ಹುಡುಕಿ. ಯಾವ ಕಾರ್ಡುಗಳು ನಡೆಯುತ್ತವೆ, ಕಾರ್ಡ್ ಬಿಚ್ಚಲು ಬರುತ್ತದೋ ಇಲ್ಲ ಮದರ್‌ಬೋರ್ಡಿಗೇ ಬೆಸೆದಿದ್ದಾರೋ ಎಂಬುದು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಬೆಸೆದಿದ್ದರೆ, ಅಥವಾ ಬಿಚ್ಚುವ ಧೈರ್ಯ ಇಲ್ಲದಿದ್ದರೆ, ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ ಇದ್ದೇ ಇದೆ. ಪುಟ್ಟ ಡಾಂಗಲ್‌ಗಳ ಆ್ಯಂಟೆನಾ ಚಿಕ್ಕದು, ಹಾಗಾಗಿ ದೂರ ಹೋದಂತೆ ಸೊರಗುತ್ತವೆ. ಆದರೂ ಅದು ಕೀಳು ದಾರಿಯೇನಲ್ಲ.

ಜೋಡಿಸುವ ಕೆಲಸ ಚಿಕ್ಕದು. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಹಿಂಬದಿ ತೆಗೆದು, ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಮೈಯಲ್ಲಿ ಸೇರಿರುವ ಸ್ಥಿರವಿದ್ಯುತ್ ಚಿಪ್ಪುಗಳನ್ನು ಕೆಡಿಸಬಲ್ಲದು. ಬಣ್ಣ ಬಳಿಯದ, ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಒಮ್ಮೆ ಮುಟ್ಟಿ ಕೆಲಸಕ್ಕೆ ಕೈಹಾಕಿದರೆ ಸಾಕು. ಕಾರ್ಡಿನ ಮೇಲೆ ಎರಡು ತೆಳು ತಂತಿಗಳು ಪುಟ್ಟ ದುಂಡು ಗುಂಡಿಗಳಂತೆ ಕಚ್ಚಿಕೊಂಡಿರುತ್ತವೆ. ಇವೇ ಆ್ಯಂಟೆನಾ ತಂತಿಗಳು. ಹಿಂಜಿನ ಮೂಲಕ ಮೇಲೆ ಹೋಗಿ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಪರದೆಯ ಅಂಚಿನ ಸುತ್ತ ಮುಗಿಯುತ್ತವೆ, ಏಕೆಂದರೆ ಪರದೆ ತೆರೆದಾಗ ಅತಿ ಎತ್ತರದ, ಅಡ್ಡಿಯಿಲ್ಲದ ಜಾಗ ಅದೇ.

ಆ ಗುಂಡಿಗಳ ವಿಷಯದಲ್ಲಿ ತಾಳ್ಮೆ ಬೇಕು. ಯು.ಎಫ್‌ಎಲ್ ಎಂಬ ಮಾದರಿಯ ಈ ಸಂಪರ್ಕಕೊಂಡಿಯನ್ನು ಅದರ ತಯಾರಕರೇ ಸುಮಾರು 30 ಬಾರಿ ಹಾಕಿ ತೆಗೆಯುವುದಕ್ಕೆಂದು ರೂಪಿಸಿದ್ದಾರೆ, ಪ್ರತಿದಿನದ ಬಳಕೆಗಲ್ಲ. ಎಂ.2 ಕಾರ್ಡಿನಲ್ಲಿರುವುದು ಅದಕ್ಕಿಂತಲೂ ಚಿಕ್ಕದು. ಹಳೆಯ ಮಿನಿ ಕಾರ್ಡಿನ ತಂತಿ ಇದಕ್ಕೆ ಹೊಂದುವುದಿಲ್ಲ. ತಂತಿ ಹಿಡಿದು ಎಳೆಯದೆ, ಗುಂಡಿಯ ಅಂಚಿನಡಿ ಉಗುರನ್ನೋ ಪ್ಲಾಸ್ಟಿಕ್ ಚೂಪನ್ನೋ ತೂರಿಸಿ ನೇರವಾಗಿ ಮೇಲೆತ್ತಬೇಕು. ಯಾವ ಬಣ್ಣದ ತಂತಿ ಯಾವ ಕಡೆ ಇತ್ತೆಂದು ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕಪ್ಪು ಮುಖ್ಯ, ಬಿಳಿ ಸಹಾಯಕ ಎಂಬ ಮಾತು ಚಾಲ್ತಿಯಲ್ಲಿದೆ, ಆದರೆ ಎಲ್ಲ ತಯಾರಕರೂ ಒಂದೇ ರೂಢಿ ಪಾಲಿಸುವುದಿಲ್ಲ. ಹೊಸ ಕಾರ್ಡನ್ನು ಓರೆಯಾಗಿ ಸೀಳಿನೊಳಗೆ ತಳ್ಳಿ, ಕೆಳಗೆ ಒತ್ತಿ, ಸ್ಕ್ರೂ ಹಾಕಿದ ಮೇಲೆ ಗುಂಡಿಗಳನ್ನು ನೇರಕ್ಕೆ ಇಟ್ಟು ಒತ್ತಿದರೆ ಸಣ್ಣದೊಂದು 'ಟಕ್' ಬೆರಳಿಗೆ ತಿಳಿಯುತ್ತದೆ. ಅದು ತಿಳಿಯದಿದ್ದರೆ ಇನ್ನೂ ಕೂತಿಲ್ಲ ಎಂದರ್ಥ, ಬಲ ಹಾಕಬಾರದು. ಒಂದು ತಂತಿ ಕಳಚಿದ್ದರೂ ವೈಫೈ ನಡೆಯುತ್ತದೆ, ರೂಟರಿನ ಪಕ್ಕದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಪಕ್ಕದ ಕೋಣೆಗೆ ಹೋದರೆ ಕುಸಿಯುತ್ತದೆ. 'ಹೊಸ ಕಾರ್ಡ್ ಸರಿಯಿಲ್ಲ' ಎಂಬ ದೂರುಗಳಲ್ಲಿ ಕೆಲವು ಇಲ್ಲಿಗೆ ಬಂದು ಮುಗಿಯುತ್ತವೆ.

ಕಾರ್ಡ್ ಕೂತ ಮೇಲೆ ಅದನ್ನು ಕಾರ್ಯಾಚರಣಾ ವ್ಯವಸ್ಥೆ ಗುರುತಿಸಬೇಕು. ಇಲ್ಲಿ ಎರಡು ತಂತ್ರಾಂಶಗಳಿವೆ, ಎರಡನ್ನೂ ಒಂದೇ ಎಂದು ತಿಳಿದರೆ ದಾರಿ ತಪ್ಪುತ್ತದೆ. ಡ್ರೈವರ್ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲಿ ಓಡುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಆಡುವ ಮಾತನ್ನು ಕಾರ್ಡಿಗೆ ತಿಳಿಯುವಂತೆ ದಾಟಿಸುವುದು ಅದರ ಕೆಲಸ. ಫರ್ಮ್‌ವೇರ್ ಕಾರ್ಡಿನ ಒಳಗಿನ ಪುಟ್ಟ ಪ್ರೊಸೆಸರಿನಲ್ಲಿ ಓಡುತ್ತದೆ. ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಕೇಳುವುದು, ಕಾಯುವುದು, ಉತ್ತರಿಸುವುದನ್ನು ನೋಡಿಕೊಳ್ಳುವುದು ಅದು. ಹಲವು ಕಾರ್ಡುಗಳಲ್ಲಿ ಫರ್ಮ್‌ವೇರ್ ಶಾಶ್ವತವಾಗಿ ಉಳಿದಿರುವುದಿಲ್ಲ. ಪ್ರತಿ ಬಾರಿ ಚಾಲೂ ಆದಾಗ ಡ್ರೈವರ್ ಅದನ್ನು ಡಿಸ್ಕಿನಿಂದ ಓದಿ ಕಾರ್ಡಿಗೆ ತುಂಬಿಸುತ್ತದೆ. ಡ್ರೈವರ್ ಇದ್ದು ಫರ್ಮ್‌ವೇರ್ ಕಡತ ಇಲ್ಲದಿದ್ದರೆ ಕಾರ್ಡ್ ಪಟ್ಟಿಯಲ್ಲಿ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ವಿಂಡೋಸ್‌ನಲ್ಲಿ ಡ್ರೈವರ್ ಕಂತೆಯಲ್ಲೇ ಎರಡೂ ಬರುವುದರಿಂದ ಈ ಭೇದ ಹೊರಗೆ ಕಾಣುವುದಿಲ್ಲ. ಅಲ್ಲಿ ನೋಡಬೇಕಾದ್ದು ಬೇರೆ: ಎಎಕ್ಸ್210ನಂಥ ಹೊಸ ಕಾರ್ಡಿಗೆ ವಿಂಡೋಸ್ 7ರ ಡ್ರೈವರ್ ಇಂಟೆಲ್ ಕೊಟ್ಟಿಲ್ಲ. ಲಿನಕ್ಸ್‌ನಲ್ಲಿ ಅದೇ ಕಾರ್ಡಿಗೆ 5.10 ಅಥವಾ ನಂತರದ ಕರ್ನಲ್ ಬೇಕು. ಕರ್ನಲ್ ಎಂದರೆ ಆ ವ್ಯವಸ್ಥೆಯ ತಿರುಳು. ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆ ಬಹಳ ವರ್ಷ ಇಂಥ ಫರ್ಮ್‌ವೇರ್ ಕಡತಗಳನ್ನು ತನ್ನ ಮುಖ್ಯ ಅನುಸ್ಥಾಪನಾ ಡಿಸ್ಕಿನಲ್ಲಿ ಸೇರಿಸುತ್ತಿರಲಿಲ್ಲ, ಅವುಗಳ ಮೂಲ ಸಂಕೇತ ಮುಕ್ತವಲ್ಲ ಎಂಬ ತತ್ವದ ಕಾರಣಕ್ಕೆ. ವೈಫೈ ನಡೆಯಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ವೈಫೈ ಬೇಕು ಎಂಬ ಇಕ್ಕಟ್ಟಿನಲ್ಲಿ ಹೊಸಬರು ಸಿಕ್ಕಿಕೊಳ್ಳುತ್ತಿದ್ದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅವು ಡಿಸ್ಕಿನಲ್ಲೇ ಬರುತ್ತಿವೆ. ಈಗಲೂ ಇಂಥ ಸ್ಥಿತಿ ಎದುರಾದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಇಂಟರ್‌ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚಿ ಕೆಲಸ ಮುಗಿಸಿಕೊಳ್ಳಬಹುದು.

ಇನ್ನೊಂದು ಸಣ್ಣ ಸಂಗತಿ. ವೈಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಕಾರ್ಡಿನಲ್ಲಿದ್ದರೂ ಕಂಪ್ಯೂಟರಿನೊಂದಿಗೆ ಮಾತಾಡುವ ದಾರಿಗಳು ಹೆಚ್ಚಾಗಿ ಬೇರೆ: ವೈಫೈಗೆ ಪಿಸಿಐ ಎಕ್ಸ್‌ಪ್ರೆಸ್, ಬ್ಲೂಟೂತ್‌ಗೆ ಯುಎಸ್‌ಬಿ. ಅದಕ್ಕೇ ಒಂದು ನಡೆದು ಇನ್ನೊಂದು ನಡೆಯದಿರಬಹುದು. ಏನೂ ನಡೆಯದಿದ್ದರೆ ಕೀಬೋರ್ಡಿನ ಮೇಲಿನ ವಿಮಾನದ ಗುರುತಿನ ಕೀಲಿಯನ್ನೂ, ಹಳೆಯ ಯಂತ್ರವಾದರೆ ಅಂಚಿನಲ್ಲಿರುವ ಜಾರುಗುಂಡಿಯನ್ನೂ ನೋಡಿ. ರೇಡಿಯೊ ಆರಿಸುವ ಸ್ವಿಚ್ ಅವು.

ಈಗ ಕಾನೂನಿನ ಮಾತು. ನಮ್ಮ ದೇಶದಲ್ಲಿ ರೇಡಿಯೊ ಪ್ರಸರಣಕ್ಕೆ ಪರವಾನಗಿ ಬೇಕೆಂಬ ನಿಯಮ ಬ್ರಿಟಿಷರ ಕಾಲದ್ದು. ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ 1933ರದ್ದು. 2005ರ ಜನವರಿಯ ಕೇಂದ್ರ ಸರ್ಕಾರದ ಅಧಿಸೂಚನೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, ನಿಗದಿತ ಶಕ್ತಿಯ ಮಿತಿಯೊಳಗೆ, ಪರವಾನಗಿಯಿಂದ ಮುಕ್ತಗೊಳಿಸಿತು. 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗ ವಿಶಾಲವಾಗಿ ತೆರೆದುಕೊಂಡದ್ದು 2018ರ ಅಕ್ಟೋಬರ್‌ನಲ್ಲಿ. ಯಾವ ಚಾನೆಲ್, ಎಷ್ಟು ಶಕ್ತಿ ಎಂಬುದನ್ನು ಪ್ರತಿ ದೇಶ ಬೇರೆ ಬೇರೆಯಾಗಿ ನಿರ್ಧರಿಸಿದೆ. ಆದ್ದರಿಂದ ಪ್ರತಿ ಕಾರ್ಡ್ ತಾನು ಯಾವ ದೇಶದಲ್ಲಿದ್ದೇನೆ ಎಂದು ತಿಳಿದಿರಬೇಕಾಗುತ್ತದೆ. ತನ್ನೊಳಗೆ ಬರೆದಿರುವ ಸಂಕೇತದಿಂದಲೋ, ಸುತ್ತಲಿನ ರೂಟರ್‌ಗಳು ಸಾರುವ ದೇಶದ ಹೆಸರಿನಿಂದಲೋ ಅದು ಇದನ್ನು ಊಹಿಸಿಕೊಳ್ಳುತ್ತದೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕಾರ್ಡ್ 2.4ರಲ್ಲಿ ಸಾಮಾನ್ಯವಾಗಿ 11ನೇ ಚಾನೆಲ್‌ಗೆ ನಿಲ್ಲುತ್ತದೆ. ಮನೆಯ ರೂಟರ್ 'ಆಟೊ' ಆಯ್ಕೆಯಲ್ಲಿದ್ದು 13ಕ್ಕೆ ಹೋಗಿ ಕೂತರೆ, ಅಂಥ ಕಾರ್ಡಿಗೆ ಆ ವೈಫೈ ಕಾಣದೇ ಇರಬಹುದು. ನಿನ್ನೆ ಇತ್ತು, ಇಂದು ಇಲ್ಲ ಎಂಬ ವಿಚಿತ್ರ ದೂರಿನ ಹಿಂದೆ ಒಮ್ಮೊಮ್ಮೆ ಇರುವುದು ಇಷ್ಟೇ. ರೂಟರನ್ನು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿದರೆ, ಲಿನಕ್ಸ್ ಆದರೆ ದೇಶದ ಸಂಕೇತವನ್ನು ಭಾರತಕ್ಕೆ ಹೊಂದಿಸಿದರೆ ಬಗೆಹರಿಯಬಹುದು. ಶಕ್ತಿ ಹೆಚ್ಚು ಸಿಗಲೆಂದು ಬೇರೆ ದೇಶದ ಸಂಕೇತ ಹಾಕುವ ಸಲಹೆಗಳೂ ಅಲ್ಲಲ್ಲಿ ಸಿಗುತ್ತವೆ. ಅದು ನಿಯಮಬಾಹಿರ, ಫಲವೂ ಇಲ್ಲ: ಲ್ಯಾಪ್‌ಟಾಪ್ ಜೋರಾಗಿ ಕೂಗಿದ ಮಾತ್ರಕ್ಕೆ ಅದಕ್ಕೆ ರೂಟರಿನ ಮಾತು ಜೋರಾಗಿ ಕೇಳಿಸುವುದಿಲ್ಲ.

ಉಳಿದದ್ದು ಜಾಲಕ್ಕೆ ಸೇರುವ ಹಂತ. ಹೆಸರು ಆರಿಸಿ ಪಾಸ್‌ವರ್ಡ್ ಕೊಡುತ್ತೇವೆ, ಅಷ್ಟೇ ಎನಿಸುತ್ತದೆ. ಒಳಗೆ ನಡೆಯುವುದು ಮೂರು ಬೇರೆ ಕೆಲಸಗಳು. ಕಾರ್ಡ್ ಮೊದಲು ರೂಟರಿನೊಂದಿಗೆ ರೇಡಿಯೊ ನಂಟು ಬೆಳೆಸುತ್ತದೆ. ನಂತರ ಗೂಢಲಿಪಿಯ ಕೀಲಿಯನ್ನು ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಮೂಲ ಪಾಸ್‌ವರ್ಡ್ ಇದ್ದ ಹಾಗೆ ಗಾಳಿಯಲ್ಲಿ ಹೋಗುವುದಿಲ್ಲ, ಅದು ತಮಗೆ ಗೊತ್ತಿದೆ ಎಂದು ಪರಸ್ಪರ ಸಾಬೀತು ಮಾಡುತ್ತಾರೆ. ಕೊನೆಗೆ ಲ್ಯಾಪ್‌ಟಾಪ್ ರೂಟರಿನಿಂದ ಒಂದು ಐಪಿ ವಿಳಾಸ ಕೇಳಿ ಪಡೆಯುತ್ತದೆ. ಇದನ್ನು ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಎಂದು ಹೆಸರು. ಎಲ್ಲಿ ನಿಂತಿತು ಎಂಬುದನ್ನು ನೋಡಿದರೆ ದೋಷ ಎಲ್ಲಿದೆ ಎಂದು ತಿಳಿಯುತ್ತದೆ. ಹೆಸರೇ ಕಾಣದಿದ್ದರೆ ರೇಡಿಯೊದ ಸಮಸ್ಯೆ: ಪಟ್ಟಿ, ಚಾನೆಲ್ ಅಥವಾ ಆ್ಯಂಟೆನಾ. ಹೆಸರು ಕಂಡು ಪಾಸ್‌ವರ್ಡ್ ಸರಿಯಿದ್ದೂ ಒಪ್ಪದಿದ್ದರೆ ಗೂಢಲಿಪಿಯ ಸಮಸ್ಯೆ. ಸೇರಿಕೊಂಡು ಇಂಟರ್‌ನೆಟ್ ಬರದಿದ್ದರೆ ವಿಳಾಸ ನೋಡಿ. ಅದು 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ಕಾರ್ಡನ್ನು ಮತ್ತೆ ಬಿಚ್ಚುವುದರಿಂದ ಪ್ರಯೋಜನವಾಗುವುದು ಕಡಿಮೆ.

ಗೂಢಲಿಪಿಯ ವಿಷಯದಲ್ಲಿ ಹಳೆಯ ಕಾರ್ಡುಗಳಿಗೆ ನಿಜವಾದ ಮಿತಿ ಇದೆ. ಮೊದಲ ಪೀಳಿಗೆಯ 'ಡಬ್ಲ್ಯೂಇಪಿ' ರಕ್ಷಣೆಯ ದೌರ್ಬಲ್ಯವನ್ನು 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ತೋರಿಸಿದರು. 2007ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಒಂದು ನಿಮಿಷದೊಳಗೆ ಮುರಿಯಬಹುದೆಂದು ತೋರಿಸಿಕೊಟ್ಟರು. ಅದಷ್ಟೇ ಬಲ್ಲ ಕಾರ್ಡ್ ಇದ್ದರೆ ಬದಲಿಸಿ. ಅದಕ್ಕಾಗಿ ರೂಟರಿನ ರಕ್ಷಣೆ ಇಳಿಸಬೇಡಿ. ಈಗಿನ ಮನೆಗಳಿಗೆ ಡಬ್ಲ್ಯೂಪಿಎ2 ಕನಿಷ್ಠ ಮಟ್ಟ, ಸಾಧ್ಯವಾದರೆ ಡಬ್ಲ್ಯೂಪಿಎ3. ಎರಡನ್ನೂ ಒಟ್ಟಿಗೆ ಒಪ್ಪುವ ಮಿಶ್ರ ಆಯ್ಕೆ ಬಹುಪಾಲು ಹೊಸ ರೂಟರ್‌ಗಳಲ್ಲಿ ಇದೆ.

ಎಲ್ಲ ಮುಗಿದ ಮೇಲೆ ಫಲ ಅಳೆಯಲು ಪರದೆಯ ಮೂಲೆಯ ಕಮಾನುಗಳನ್ನು ನಂಬಬೇಕಿಲ್ಲ. ಸಂಕೇತದ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಉಚಿತ ತಂತ್ರಾಂಶಗಳಿವೆ. ಅಂಕಿಯ ಮುಂದೆ ಋಣ ಚಿಹ್ನೆ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಹತ್ತು ಅಂಕ ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ. ಋಣ 50 ಬಹಳ ಒಳ್ಳೆಯದು, ಋಣ 70ರ ಬಳಿ ವೇಗ ಇಳಿಯತೊಡಗುತ್ತದೆ, ಋಣ 80 ದಾಟಿದರೆ ಕಷ್ಟ. ಋಣ 60 ಎಂದರೆ ಒಂದು ವ್ಯಾಟಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಕ್ಷೀಣವಾದ ಅಲೆಯಿಂದ ಕಾರ್ಡ್ ಒಂದು ಇಡೀ ಚಲನಚಿತ್ರವನ್ನು ಹೆಕ್ಕಿ ತೆಗೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಮತ್ತೆ ಆ ಬೀಗದ ವಿಷಯ. ತಯಾರಕರು ಕೊಡುವ ಕಾರಣ ಪೊಳ್ಳಲ್ಲ. ರೇಡಿಯೊ ಉಪಕರಣಕ್ಕೆ ಪ್ರಮಾಣಪತ್ರ ಪಡೆಯುವಾಗ ಕಾರ್ಡ್ ಮತ್ತು ಆ್ಯಂಟೆನಾ ಎರಡನ್ನೂ ಜೊತೆಯಾಗಿ ಪರಿಶೀಲಿಸುವ ಪದ್ಧತಿ ಇದೆ. ಪರಿಶೀಲಿಸದ ಜೋಡಿ ಮಿತಿ ಮೀರಿದರೆ ಹೊಣೆ ಯಾರದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದೇ ನಿಯಮಗಳಡಿ ಬೇರೆ ಎಷ್ಟೋ ತಯಾರಕರು ಬೀಗವಿಲ್ಲದೆ ಲ್ಯಾಪ್‌ಟಾಪ್ ಮಾರಿದ್ದಾರೆ, ಮಾರುತ್ತಿದ್ದಾರೆ. ಕಾರ್ಡುಗಳೂ ತಮ್ಮದೇ ಪ್ರಮಾಣಪತ್ರದೊಂದಿಗೆ ಬರುತ್ತವೆ. ಹಾಗಾಗಿ ಯಂತ್ರವನ್ನೇ ನಿಲ್ಲಿಸಿಬಿಡುವ ಬೀಗ ಅಗತ್ಯಕ್ಕಿಂತ ಹೆಚ್ಚಿನ ಕ್ರಮ ಎಂದು ನನ್ನ ಭಾವನೆ. ಮದರ್‌ಬೋರ್ಡಿಗೆ ಬೆಸೆಯುವ ಅಭ್ಯಾಸ ಅದಕ್ಕಿಂತಲೂ ಹೆಚ್ಚು ಚಿಂತೆಯ ವಿಷಯ. ಅದರಿಂದ ಒಂದೆರಡು ಮಿಲಿಮೀಟರ್ ದಪ್ಪ ಉಳಿಯಬಹುದು, ಒಂದು ಸೀಳಿನ ಖರ್ಚು ಉಳಿಯಬಹುದು. ಆದರೆ ವೈಫೈಯ ಪೀಳಿಗೆಗಳು ಲ್ಯಾಪ್‌ಟಾಪಿನ ಆಯುಷ್ಯಕ್ಕಿಂತ ಬೇಗ ಬದಲಾಗುತ್ತವೆ. ಪರದೆ, ಕೀಬೋರ್ಡ್, ಪ್ರೊಸೆಸರ್ ಎಲ್ಲವೂ ಗಟ್ಟಿಯಾಗಿದ್ದು ರೇಡಿಯೊ ಒಂದೇ ಹಳತಾದಾಗ, ಬಿಚ್ಚಲು ಬರುವ ಯಂತ್ರವಾದರೆ ಒಂದು ಚಿಕ್ಕ ಕಾರ್ಡಿನ ಬೆಲೆಯಲ್ಲಿ ಕೆಲಸ ಮುಗಿಯುತ್ತದೆ.

ಶಾಲೆ, ಪಂಚಾಯಿತಿ ಗ್ರಂಥಾಲಯ, ಸರ್ಕಾರಿ ಇಲಾಖೆಗಳು ಲ್ಯಾಪ್‌ಟಾಪುಗಳನ್ನು ಸಗಟಾಗಿ ಕೊಳ್ಳುವಾಗ ಟೆಂಡರಿನಲ್ಲಿ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ಬರೆಯುತ್ತವೆ. 'ವೈಫೈ ಕಾರ್ಡ್ ಎಂ.2 ಸೀಳಿನಲ್ಲಿರಬೇಕು, ಬಯಾಸ್‌ನಲ್ಲಿ ನಿರ್ಬಂಧ ಇರಬಾರದು, ದುರಸ್ತಿ ಕೈಪಿಡಿ ಕೊಡಬೇಕು' ಎಂಬ ಸಾಲನ್ನೂ ಸೇರಿಸಬಹುದು. ಅದಕ್ಕೆ ಹೆಚ್ಚಿನ ಹಣ ಬೇಕಾಗಲಾರದು. ಮನೆಗೆಂದು ಒಂದೇ ಒಂದು ಲ್ಯಾಪ್‌ಟಾಪ್ ಕೊಳ್ಳುವವರೂ ಅಂಗಡಿಯಲ್ಲಿ ಇದೇ ಮೂರು ಪ್ರಶ್ನೆ ಕೇಳಬಹುದು.